84 ಟೆಸ್ಟ್ ಆಯ್ತು, ಈಗ ಪೆಪ್ಟೈಡ್ ಇಂಜೆಕ್ಷನ್ ಶುರು ಮಾಡಲಾ?

ತಿಪಟೂರಿನವ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನನಗೆ 46 ವರ್ಷ. ಊರು ತಿಪಟೂರು, ಕೆಲಸ ಬೆಂಗಳೂರಿನಲ್ಲಿ, ಸಾಫ್ಟ್‌ವೇರ್. ವಾರದಲ್ಲಿ ಮೂರು ದಿನ ರಾತ್ರಿ ಹನ್ನೊಂದು ಗಂಟೆವರೆಗೆ ಕಾಲ್ ಇರುತ್ತದೆ. ಅಪ್ಪ 57ಕ್ಕೇ ಹಾರ್ಟ್ ಅಟ್ಯಾಕ್ ಆಗಿ ಹೋದರು. ತೋಟದಿಂದ ಬಂದು ಕೈಕಾಲು ತೊಳೆದು ಜಗಲಿ ಮೇಲೆ ಕೂತವರು ಮತ್ತೆ ಏಳಲಿಲ್ಲ. ಆಗ ನನಗೆ 24. ಅವರ ಲೆಕ್ಕ ಹಿಡಿದರೆ ನನಗೆ ಇನ್ನು 11 ವರ್ಷ ಅನ್ನುವುದು ತಲೆಯಲ್ಲಿ ಕೂತುಬಿಟ್ಟಿದೆ. ಮಗಳು ಈಗ ಏಳನೇ ಕ್ಲಾಸು.

ಒಂದು ವರ್ಷದಿಂದ ಸುಸ್ತು ಜಾಸ್ತಿ. ಮಧ್ಯಾಹ್ನ ಮೂರರ ಮೇಲೆ ತಲೆ ಓಡುವುದೇ ಇಲ್ಲ. ಪಾದದಲ್ಲಿ ಆಗಾಗ ಜುಮುಜುಮು ಅನ್ನುತ್ತದೆ. ಬಲಗಡೆ ಭುಜದ ನೋವು ಎಂಟು ತಿಂಗಳಾದರೂ ಹೋಗಿಲ್ಲ. ಆಫೀಸಿನಲ್ಲಿ ಒಬ್ಬರು ಹೇಳಿದರು ಅಂತ ಇಲ್ಲಿನ ಒಂದು ಲಾಂಜೆವಿಟಿ (ದೀರ್ಘಾಯುಷ್ಯದ) ಕ್ಲಿನಿಕ್‌ಗೆ ಹೋದೆ. 84 ಟೆಸ್ಟ್‌ಗಳ ಪ್ಯಾಕೇಜ್ ಮಾಡಿದರು. ವಾರದ ನಂತರ ಕೂರಿಸಿಕೊಂಡು ವಿವರಿಸಿದರು. ನನ್ನ 'ಬಯಲಾಜಿಕಲ್ ವಯಸ್ಸು' 53 ಅಂತೆ. ಐಜಿಎಫ್-1 (ಬೆಳವಣಿಗೆ ಹಾರ್ಮೋನ್ ಎಷ್ಟಿದೆ ಅಂತ ಸೂಚಿಸುವುದು) ಕಡಿಮೆ, ಟೆಸ್ಟೋಸ್ಟೆರಾನ್ ಕಡಿಮೆ, ಥೈರಾಯ್ಡ್ ಸ್ವಲ್ಪ ಜಾಸ್ತಿ ಓಡುತ್ತಿದೆ ಅಂದರು. ಅದಕ್ಕೆ ಪೆಪ್ಟೈಡ್, ಅಂದರೆ ಅಮೈನೋ ಆಮ್ಲಗಳ ಸಣ್ಣ ಸರಪಳಿ, ಇರುವ ಇಂಜೆಕ್ಷನ್ ಬರೆದರು: ಭುಜಕ್ಕೆ ಬಿಪಿಸಿ-157, ಬೆಳವಣಿಗೆ ಹಾರ್ಮೋನ್ ಹೆಚ್ಚಿಸಲು ಸಿಜೆಸಿ-1295 ಮತ್ತು ಇಪಮೊರೆಲಿನ್ ಸೇರಿಸಿದ ಇಂಜೆಕ್ಷನ್, ಜೊತೆಗೆ ತಿಂಗಳಿಗೊಮ್ಮೆ ಎನ್‌ಎಡಿ (ಜೀವಕೋಶಗಳ ಶಕ್ತಿಗೆ ಬೇಕಾದ ವಸ್ತು) ಡ್ರಿಪ್. ಆರು ತಿಂಗಳಿಗೆ 1 ಲಕ್ಷ 80 ಸಾವಿರ ರೂಪಾಯಿ. ಹತ್ತು ಸಾವಿರ ಅಡ್ವಾನ್ಸ್ ಕೊಟ್ಟು ಬಂದಿದ್ದೇನೆ.

ರಿಪೋರ್ಟ್‌ನಲ್ಲಿ ಮುಖ್ಯ ಅನ್ನಿಸಿದ್ದನ್ನು ಹಾಕುತ್ತೇನೆ. ಎತ್ತರ 168 ಸೆಂ.ಮೀ., ತೂಕ 76 ಕೆಜಿ, ಸೊಂಟ 97 ಸೆಂ.ಮೀ. ಖಾಲಿ ಹೊಟ್ಟೆ ಸಕ್ಕರೆ 108, ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ) 6.1, ಇನ್ಸುಲಿನ್ 16. ಟ್ರೈಗ್ಲಿಸರೈಡ್ 212, ಎಚ್‌ಡಿಎಲ್ 36, ಎಲ್‌ಡಿಎಲ್ 138. ಎಲ್‌ಪಿ(ಎ) ಅಂತ ಒಂದಿದೆ, 78 ಮಿಲಿಗ್ರಾಂ. ಸಿಆರ್‌ಪಿ (ಮೈಯಲ್ಲಿ ಉರಿಯೂತ ಇದೆಯಾ ತೋರಿಸುವುದು) 6.4. ಬಿ12 168, ಡಿ ವಿಟಮಿನ್ 17. ಥೈರಾಯ್ಡ್‌ಗೆ ಮಾಡಿದ ಟಿಎಸ್‌ಎಚ್ 0.2, ಫ್ರೀ ಟಿ4 ಮಿತಿಗಿಂತ ಸ್ವಲ್ಪ ಮೇಲೆ. ಟೆಸ್ಟೋಸ್ಟೆರಾನ್ 318. ಐಜಿಎಫ್-1 98, ಲ್ಯಾಬ್‌ನವರು ಕೊಟ್ಟ ಮಿತಿಯ ಕೆಳಗಿನ ತುದಿಯಲ್ಲಿದೆ.

ಇಷ್ಟೆಲ್ಲ ಟೆಸ್ಟ್ ಮಾಡಿ ನೋಡಿಯೇ ಕೊಡುತ್ತಿದ್ದಾರಲ್ಲ, ಹಾಗಾದರೆ ಸೇಫ್ ಅಲ್ವಾ? ಸೋಮವಾರ ಮೊದಲ ಇಂಜೆಕ್ಷನ್ ಇದೆ. ತಿಳಿದವರು ದಯವಿಟ್ಟು ಹೇಳಿ.

ರಾಜಾಜಿನಗರ ಲಿಫ್ಟರ್:

ಅಣ್ಣ, ನಾನು ಬಿಪಿಸಿ ತಗೊಂಡಿದ್ದೇನೆ. ಮೊಣಕೈ ನೋವಿಗೆ, ಆರು ವಾರ. ನೋವು ಹೋಯಿತು, ತೊಂದರೆ ಏನೂ ಆಗಲಿಲ್ಲ. ನನ್ನ ಜೊತೆ ಇನ್ನಿಬ್ಬರು ತಗೊಂಡರು, ಒಬ್ಬನಿಗೆ ಆಯ್ತು, ಇನ್ನೊಬ್ಬನಿಗೆ ಏನೂ ಗೊತ್ತಾಗಲಿಲ್ಲ. ಆದರೆ ನಾವು ಯಾವ ಟೆಸ್ಟೂ ಮಾಡಿಸಿರಲಿಲ್ಲ. ನೀವು ಮಾಡಿಸಿದ್ದೀರಿ, ಅದು ಒಳ್ಳೆಯದೇ.

ಲ್ಯಾಬ್ ಅಕ್ಕ, ಶಿವಮೊಗ್ಗ:

ತಿಪಟೂರಿನವರೇ, ನಾನು ಡಾಕ್ಟರ್ ಅಲ್ಲ. 22 ವರ್ಷದಿಂದ ಲ್ಯಾಬ್‌ನಲ್ಲಿದ್ದೇನೆ. ರಕ್ತ ತೆಗೆಯುವುದರಿಂದ ಹಿಡಿದು ರಿಪೋರ್ಟ್ ಪರಿಶೀಲಿಸುವವರೆಗೆ ಎಲ್ಲ ಮಾಡಿದ್ದೇನೆ. ನಿಮ್ಮ ಟಿಎಸ್‌ಎಚ್ ಮತ್ತು ಟಿ4 ಒಟ್ಟಿಗೆ ನೋಡಿದ ಕೂಡಲೇ ಒಂದು ಅನುಮಾನ ಬಂತು. ಅದಕ್ಕೆ ಮೊದಲು ನಾಲ್ಕು ಪ್ರಶ್ನೆ.

ಕೂದಲು ಉದುರುತ್ತದೆ ಅಂತ, ಉಗುರಿಗೆ ಅಂತ ಯಾವುದಾದರೂ ಮಾತ್ರೆ ತಗೊಳ್ತೀರಾ? ಟೆಸ್ಟೋಸ್ಟೆರಾನ್‌ಗೆ ರಕ್ತ ಕೊಟ್ಟಿದ್ದು ಎಷ್ಟು ಗಂಟೆಗೆ? ಆ ವಾರ ನೆಗಡಿ, ಜ್ವರ, ಹಲ್ಲು ನೋವು ಏನಾದರೂ ಇತ್ತಾ? ಮಾಂಸ, ಮೀನು ತಿನ್ನುತ್ತೀರಾ?

ತಿಪಟೂರಿನವ:

ಅಕ್ಕ, ಥ್ಯಾಂಕ್ಸ್. ಹೌದು, ಕೂದಲಿಗೆ ಬಯೋಟಿನ್ (ಒಂದು ವಿಟಮಿನ್) 10 ಮಿಲಿಗ್ರಾಂ ಮಾತ್ರೆ, ಏಳು ತಿಂಗಳಿಂದ ದಿನಾ ಬೆಳಗ್ಗೆ. ಬೆಳಗಿನ ಸ್ಯಾಂಪಲ್ ಮನೆಗೆ ಬಂದು ತಗೊಂಡರು, ಅವರು ಬರುವ ಮುಂಚೆ ಮಾತ್ರೆ ನುಂಗಿದ್ದೆ. ಹಾರ್ಮೋನ್‌ಗೆ ಅಂತ ಇನ್ನೊಂದು ಸಲ ಕ್ಲಿನಿಕ್‌ನಲ್ಲೇ ತೆಗೆದರು, ಸಂಜೆ ನಾಲ್ಕೂವರೆ. ಹಿಂದಿನ ರಾತ್ರಿ ಕಾಲ್ ಇತ್ತು, ಮಲಗಿದ್ದು ಒಂದು ಗಂಟೆಗೆ. ನೆಗಡಿ ಇತ್ತು, ಮಗಳಿಂದ ಬಂದಿದ್ದು. ನಾವು ಸಸ್ಯಾಹಾರಿಗಳು, ನಾನೊಬ್ಬ ಹೊರಗೆ ಮೊಟ್ಟೆ ತಿನ್ನುತ್ತೇನೆ ಅಷ್ಟೇ.

ಇದನ್ನೆಲ್ಲ ಅಲ್ಲಿ ಯಾರೂ ಕೇಳಲೇ ಇಲ್ಲ.

ಲ್ಯಾಬ್ ಅಕ್ಕ, ಶಿವಮೊಗ್ಗ:

ಅನುಮಾನ ಸರಿಯಾಗಿತ್ತು. ಈಗ ಬಿಡಿಸಿ ಹೇಳುತ್ತೇನೆ.

ನಮ್ಮ ದೇಹಕ್ಕೆ ದಿನಕ್ಕೆ ಬೇಕಾದ ಬಯೋಟಿನ್ ಸುಮಾರು 30 ಮೈಕ್ರೋಗ್ರಾಂ. ನಿಮ್ಮ ಮಾತ್ರೆಯಲ್ಲಿ ಇರುವುದು ಅದರ 300 ಪಟ್ಟಿಗಿಂತ ಜಾಸ್ತಿ. ಅದರಿಂದ ದೇಹಕ್ಕೆ ದೊಡ್ಡ ತೊಂದರೆ ಇಲ್ಲ, ತೊಂದರೆ ಇರುವುದು ನಮ್ಮ ಯಂತ್ರಕ್ಕೆ. ಹಾರ್ಮೋನ್ ಅಳೆಯುವ ಎಷ್ಟೋ ಯಂತ್ರಗಳು ಬಯೋಟಿನ್ ಮತ್ತು ಸ್ಟ್ರೆಪ್ಟಾವಿಡಿನ್ ಅನ್ನುವ ಎರಡು ವಸ್ತು ಒಂದಕ್ಕೊಂದು ಅಂಟಿಕೊಳ್ಳುವ ಗುಣದ ಮೇಲೆ ಕೆಲಸ ಮಾಡುತ್ತವೆ. ರಕ್ತದಲ್ಲೇ ಬಯೋಟಿನ್ ತುಂಬಿಕೊಂಡಿದ್ದರೆ ಆ ಅಂಟು ಕೆಟ್ಟುಹೋಗುತ್ತದೆ. ಆಗ ಟಿಎಸ್‌ಎಚ್ ಸುಳ್ಳು ಸುಳ್ಳೇ ಕಡಿಮೆ ಬರುತ್ತದೆ, ಟಿ4 ಸುಳ್ಳು ಸುಳ್ಳೇ ಜಾಸ್ತಿ ಬರುತ್ತದೆ. ಎರಡನ್ನೂ ಒಟ್ಟಿಗೆ ನೋಡಿದವರಿಗೆ ಥೈರಾಯ್ಡ್ ಜಾಸ್ತಿ ಓಡುತ್ತಿದೆ ಅಂತಲೇ ಕಾಣುತ್ತದೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಐಜಿಎಫ್-1 ಕೂಡ ಕೆಲವು ಯಂತ್ರಗಳಲ್ಲಿ ಇದೇ ರೀತಿ ಸುಳ್ಳಾಗಿ ಕೆಳಗೆ ಬೀಳಬಹುದು. ಅಂದರೆ ನಿಮಗೆ ಲಕ್ಷ ರೂಪಾಯಿ ಮೇಲಿನ ಇಂಜೆಕ್ಷನ್ ಬರೆದಿರುವ ಆ 98ರ ಹಿಂದೆ ಒಂದು ಕೂದಲಿನ ಮಾತ್ರೆ ಇರಬಹುದು. ಮಾತ್ರೆ ನಿಲ್ಲಿಸಿ ಕನಿಷ್ಠ ಎರಡು ದಿನ, ನನ್ನನ್ನು ಕೇಳಿದರೆ ಒಂದು ವಾರ ಬಿಟ್ಟು ಮತ್ತೆ ಕೊಡಿ.

ಟೆಸ್ಟೋಸ್ಟೆರಾನ್ ಬೆಳಗ್ಗೆ ಹೆಚ್ಚು ಇರುತ್ತದೆ, ಸಂಜೆಗೆ ಇಳಿಯುತ್ತದೆ. ಬೆಳಗ್ಗೆ ಹತ್ತರ ಒಳಗೆ, ಬೇರೆ ಬೇರೆ ಎರಡು ದಿನ ತೆಗೆದು ಎರಡೂ ಕಡಿಮೆ ಬಂದರೆ ಮಾತ್ರ ಅದನ್ನು ಕಡಿಮೆ ಅನ್ನಬೇಕು. ನಿದ್ದೆಗೆಟ್ಟ ಮರುದಿನ ಸಂಜೆ ನಾಲ್ಕೂವರೆಗೆ ತೆಗೆದ 318 ಇಟ್ಟುಕೊಂಡು ಏನೂ ಹೇಳಲಾಗದು. ಸಿಆರ್‌ಪಿ ನೆಗಡಿಯಲ್ಲೂ ಏರುತ್ತದೆ. ಹೃದಯದ ಅಪಾಯ ನೋಡಲು ಅದನ್ನು ಅಳೆಯುವುದಾದರೆ ಮೈ ಸರಿಯಾದ ಮೇಲೆ ಎರಡು ವಾರ ಬಿಟ್ಟು ಅಳೆಯಬೇಕು.

ಇನ್ನು 84ರ ವಿಷಯ. ಲ್ಯಾಬ್‌ನಲ್ಲಿ 'ನಾರ್ಮಲ್' ಮಿತಿ ಅಂತ ಬರೆಯುತ್ತೇವಲ್ಲ, ಅದು ಆರೋಗ್ಯವಂತರಲ್ಲಿ 100ಕ್ಕೆ 95 ಜನ ಬರುವ ಮಿತಿ. ಉಳಿದ 5 ಜನ ಚೆನ್ನಾಗಿದ್ದೂ ಹೊರಗೆ ಬೀಳುತ್ತಾರೆ. ಒಂದಕ್ಕೊಂದು ಸಂಬಂಧ ಇಲ್ಲದ 20 ಟೆಸ್ಟ್ ಮಾಡಿಸಿದರೆ ಪೂರ್ತಿ ಆರೋಗ್ಯವಾಗಿರುವ 100 ಜನರಲ್ಲಿ 64 ಜನರಿಗೆ ಕನಿಷ್ಠ ಒಂದಾದರೂ ಕೆಂಪು ಅಕ್ಷರದಲ್ಲಿ ಬರುತ್ತದೆ. ಇದು ಬರೀ ಲೆಕ್ಕ. 84 ಮಾಡಿಸಿದರೆ ಕೆಂಪು ಬರದೇ ಇರುವುದೇ ಅಪರೂಪ. ಹಾಗಾಗಿ ಟೆಸ್ಟ್ ಬರೆಯುವ ಮೊದಲೇ ಕೇಳಿಕೊಳ್ಳಬೇಕು: ಇದು ಜಾಸ್ತಿ ಬಂದರೆ ಏನು ಮಾಡುತ್ತೇವೆ, ಕಡಿಮೆ ಬಂದರೆ ಏನು ಮಾಡುತ್ತೇವೆ? ಎರಡಕ್ಕೂ ಉತ್ತರ ಒಂದೇ ಆದರೆ ರಕ್ತ ತೆಗೆಯುವುದೇ ಬೇಡ.

'ಬಯಲಾಜಿಕಲ್ ವಯಸ್ಸು' ಡಿಎನ್‌ಎ ಮೇಲೆ ಅಂಟಿಕೊಂಡಿರುವ ಮೀಥೈಲ್ ಅನ್ನುವ ಸಣ್ಣ ರಾಸಾಯನಿಕ ಗುರುತುಗಳನ್ನು ಎಣಿಸಿ ಹೇಳಿದ್ದಾದರೆ ಅದು ನಿಜವಾದ ವಿಜ್ಞಾನವೇ. 2013ರಲ್ಲಿ ಸ್ಟೀವ್ ಹೊರ್ವಾತ್ ಅನ್ನುವವರು 353 ಜಾಗ ನೋಡಿ ವಯಸ್ಸು ಹೇಳುವ ಲೆಕ್ಕ ಕೊಟ್ಟರು. ಸಾವಿರಾರು ಜನರ ಸಂಶೋಧನೆಗೆ ಅದು ಒಳ್ಳೆಯ ಸಾಧನ. ಆದರೆ ಒಬ್ಬನೇ ಮನುಷ್ಯನ ಒಂದೇ ರಕ್ತವನ್ನು ಎರಡು ಸಲ ಅಳೆದರೆ ಕೆಲವು ವರ್ಷ ಹೆಚ್ಚು ಕಡಿಮೆ ಬರಬಹುದು. 53 ನೋಡಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಈಗ ನಿಮ್ಮ ಪ್ರಶ್ನೆ, 'ಟೆಸ್ಟ್ ಮಾಡಿಯೇ ಕೊಡುತ್ತಿದ್ದಾರಲ್ಲ, ಸೇಫ್ ಅಲ್ವಾ?' ಇದಕ್ಕೆ ನಮ್ಮ ಮನೆಯದೇ ಉದಾಹರಣೆ ಹೇಳುತ್ತೇನೆ, ಯಾಕೆಂದರೆ ನಮ್ಮ ಅವ್ವನೂ ಪೆಪ್ಟೈಡ್ ಇಂಜೆಕ್ಷನ್ ತಗೊಂಡವಳು.

ಅವ್ವನಿಗೆ 71. ನಾಲ್ಕು ವರ್ಷದ ಹಿಂದೆ ಬಚ್ಚಲಲ್ಲಿ ನೀರಿನ ಹಂಡೆ ಸರಿಸುವಾಗ ಬೆನ್ನಲ್ಲಿ ಕಟ್ ಅಂತು. ಎಕ್ಸ್‌ರೇಯಲ್ಲಿ ಬೆನ್ನುಮೂಳೆಯ ಒಂದು ಮಣಿ ಅಪ್ಪಚ್ಚಿಯಾಗಿತ್ತು. ಮೂಳೆ ಎಷ್ಟು ಗಟ್ಟಿ ಇದೆ ಅಂತ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಲು ಮಂಗಳೂರಿಗೆ ಕರೆದುಕೊಂಡು ಹೋದೆ. ಆಗುಂಬೆ ಘಾಟಿಯ ಒಂದೊಂದು ತಿರುವಿಗೂ ಅವಳು ನನ್ನ ಕೈ ಗಟ್ಟಿಯಾಗಿ ಹಿಡಿಯುತ್ತಿದ್ದಳು. ಟಿ-ಸ್ಕೋರ್ ಮೈನಸ್ 3.4 ಬಂತು. ಮೈನಸ್ 2.5ಕ್ಕೆ ಇಳಿದರೇ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ ಅನ್ನುತ್ತಾರೆ. ಡಾಕ್ಟರ್ ಟೆರಿಪ್ಯಾರಟೈಡ್ ಹೇಳಿದರು. ನಮ್ಮ ಪ್ಯಾರಾಥೈರಾಯ್ಡ್ ಹಾರ್ಮೋನಿನ 34 ಅಮೈನೋ ಆಮ್ಲದ ತುಂಡು ಅದು. 2002ರಿಂದ ಅನುಮತಿ ಇರುವ ಔಷಧಿ, ದಿನಕ್ಕೆ 20 ಮೈಕ್ರೋಗ್ರಾಂ, ಹೊಟ್ಟೆಯ ಚರ್ಮದ ಕೆಳಗೆ.

ಆದರೆ ಅವರು ಅವತ್ತೇ ಶುರು ಮಾಡಲಿಲ್ಲ. ಮೊದಲು ಕ್ಯಾಲ್ಸಿಯಂ, ಪ್ಯಾರಾಥೈರಾಯ್ಡ್ ಹಾರ್ಮೋನ್, ಆಲ್ಕಲೈನ್ ಫಾಸ್ಫಟೇಸ್, ಡಿ ವಿಟಮಿನ್, ಕ್ರಿಯಾಟಿನಿನ್. ಐದೇ ಟೆಸ್ಟ್. ಒಂದೊಂದಕ್ಕೂ ಕಾರಣ ಹೇಳಿದರು. ಕ್ಯಾಲ್ಸಿಯಂ ಮೊದಲೇ ಜಾಸ್ತಿ ಇದ್ದರೆ ಈ ಇಂಜೆಕ್ಷನ್ ಕೊಡುವ ಹಾಗಿಲ್ಲ. ಫಾಸ್ಫಟೇಸ್ ಕಾರಣವಿಲ್ಲದೆ ಏರಿದ್ದರೆ ಮೂಳೆಯ ಬೇರೆ ಕಾಯಿಲೆ ಇದೆಯಾ ನೋಡಬೇಕು, ಇದ್ದರೆ ಕೊಡುವ ಹಾಗಿಲ್ಲ. ಅವ್ವನ ಡಿ ವಿಟಮಿನ್ 9 ಇತ್ತು. ಎರಡು ತಿಂಗಳು ಬರೀ ಅದನ್ನು ಸರಿ ಮಾಡಿ ಆಮೇಲೆ ಶುರು ಮಾಡಿದರು. ಎರಡು ವರ್ಷದ ನಂತರ ನಿಲ್ಲಿಸಬೇಕು, ನಿಲ್ಲಿಸಿದ ಮೇಲೆ ಬೇರೆ ಔಷಧಿ ಕೊಡದಿದ್ದರೆ ಕಟ್ಟಿದ ಮೂಳೆ ಮತ್ತೆ ಕರಗುತ್ತದೆ ಅಂತ ಮೊದಲ ದಿನವೇ ಹೇಳಿದ್ದರು. ಒಂದು ಪೆನ್ 28 ದಿನಕ್ಕೆ, ಫ್ರಿಜ್‌ನಲ್ಲೇ ಇರಬೇಕು. ಮಳೆಗಾಲದಲ್ಲಿ ಕರೆಂಟ್ ಹೋದರೆ ನಾನು ಐಸ್ ಡಬ್ಬ ಹಿಡಿದುಕೊಂಡು ಓಡಾಡುತ್ತಿದ್ದೆ. ಒಂದೂವರೆ ವರ್ಷಕ್ಕೆ ಅದೇ ಯಂತ್ರದಲ್ಲಿ ಮತ್ತೆ ಡೆಕ್ಸಾ, ಮೈನಸ್ 2.8. ಅವತ್ತು ಕಾರಿನಲ್ಲಿ ಕೂತು ಅತ್ತುಬಿಟ್ಟೆ.

ಅಲ್ಲಿ ಆ ಐದು ಟೆಸ್ಟ್ ಕೆಲಸಕ್ಕೆ ಬಂದಿದ್ದು ಯಾಕೆ? ಔಷಧಿ ಯಾರಿಗೆ ಆಗುತ್ತದೆ, ಯಾರಿಗೆ ಆಗುವುದಿಲ್ಲ, ಏನು ಕೆಡಬಹುದು ಅನ್ನುವುದನ್ನು ಸಾವಿರಾರು ರೋಗಿಗಳಲ್ಲಿ ಮೊದಲೇ ನೋಡಿದ್ದರು. ಯಾವ ನಂಬರ್ ನೋಡಬೇಕು ಅನ್ನುವುದು ಗೊತ್ತಿತ್ತು. ಬಿಪಿಸಿ-157ಕ್ಕೆ ಆ ಕೆಲಸ ಆಗಿಲ್ಲ. 15 ಅಮೈನೋ ಆಮ್ಲದ ಪೆಪ್ಟೈಡ್ ಅದು, ಇರುವ ಸಂಶೋಧನೆ ಹೆಚ್ಚಿನದು ಇಲಿಗಳ ಮೇಲೆ. ಇಲಿಗಳಲ್ಲಿ ಹೊಸ ರಕ್ತನಾಳ ಬೆಳೆಸುತ್ತದೆ, ಗಾಯಕ್ಕೆ ಅದು ಒಳ್ಳೆಯದು. ಮೈಯಲ್ಲಿ ಎಲ್ಲಾದರೂ ಸಣ್ಣ ಗಡ್ಡೆ ಇದ್ದರೆ ಅದಕ್ಕೂ ಒಳ್ಳೆಯದಾ ಅನ್ನುವ ಪ್ರಶ್ನೆಗೆ ಮನುಷ್ಯರಲ್ಲಿ ಉತ್ತರ ಇಲ್ಲ. ಅದು ಒಗ್ಗುತ್ತಿದೆಯಾ ಇಲ್ಲವಾ ಅಂತ ಹೇಳುವ ಒಂದು ರಕ್ತ ಪರೀಕ್ಷೆಯೂ ನಮ್ಮ ಲ್ಯಾಬ್‌ನಲ್ಲಿ ಇಲ್ಲ. 84 ಅಲ್ಲ, 840 ಟೆಸ್ಟ್ ಮಾಡಿದರೂ ನಿಮ್ಮ ಬಗ್ಗೆ ಗೊತ್ತಾಗುತ್ತದೆ ಅಷ್ಟೇ. ಆ ಸೀಸೆಯಲ್ಲಿ ಇರುವುದರ ಬಗ್ಗೆ ಏನೂ ಗೊತ್ತಾಗುವುದಿಲ್ಲ.

ಸಿಜೆಸಿ ಮತ್ತು ಇಪಮೊರೆಲಿನ್ ವಿಷಯದಲ್ಲಿ ನಿಮ್ಮ ರಿಪೋರ್ಟೇ ಬೇಡ ಅನ್ನುತ್ತಿದೆ. ಬೆಳವಣಿಗೆ ಹಾರ್ಮೋನ್ ಏರಿದರೆ ಇನ್ಸುಲಿನ್ ಕೆಲಸ ಕುಂದುತ್ತದೆ, ಸಕ್ಕರೆ ಏರುತ್ತದೆ. ನಿಮ್ಮದು ಈಗಲೇ 6.1. ಸಕ್ಕರೆಯನ್ನು ಇನ್ಸುಲಿನ್‌ನಿಂದ ಗುಣಿಸಿ 405ರಿಂದ ಭಾಗಿಸಿ ನೋಡಿ, 4.3 ಬರುತ್ತದೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ಅರ್ಥ.

ನನ್ನ ತಮ್ಮ ಇದೇ ಇಂಜೆಕ್ಷನ್ ಜಿಮ್ ಗೆಳೆಯರಿಂದ ತಂದು ಐದು ತಿಂಗಳು ಹಾಕಿಕೊಂಡ. ನನಗೆ ಹೇಳಿರಲಿಲ್ಲ. ಬೆರಳು ಊದಿ ಉಂಗುರ ತೆಗೆಯಲು ಆಗದೆ ಬಂದಾಗ ಗೊತ್ತಾಯಿತು. ಖಾಲಿ ಹೊಟ್ಟೆ ಸಕ್ಕರೆ 94 ಇದ್ದವನಿಗೆ 121 ಆಗಿತ್ತು. ಸೀಸೆ ಮೇಲೆ 'ಸಂಶೋಧನೆಗೆ ಮಾತ್ರ, ಮನುಷ್ಯರಿಗಲ್ಲ' ಅಂತ ಇಂಗ್ಲಿಷಿನಲ್ಲಿ ಅಚ್ಚು ಹಾಕಿದ್ದರು. ನಿಲ್ಲಿಸಿದ ಮೇಲೆ ನಿಧಾನಕ್ಕೆ ಇಳಿಯಿತು. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ಸೋಮವಾರ ಹೋಗಬೇಡಿ.

ನಿಮ್ಮ ಬಿ12 168 ಇದೆ, ಪಾದ ಜುಮುಜುಮು ಅನ್ನುತ್ತದೆ, ಸುಸ್ತು. ಬಿ12 ಕಡಿಮೆಯಾದರೆ ಹೀಗೇ ಆಗಬಹುದು. ಇದನ್ನು ಯಾರೂ ನಿಮಗೆ ಎತ್ತಿ ಹೇಳಲಿಲ್ಲವಾ?

ರಾಜಾಜಿನಗರ ಲಿಫ್ಟರ್:

ಅಕ್ಕ, ನನ್ನ ಮೊಣಕೈ ಹಾಗೇ ಬಿಟ್ಟಿದ್ದರೂ ಸರಿ ಹೋಗುತ್ತಿತ್ತಾ?

ಲ್ಯಾಬ್ ಅಕ್ಕ, ಶಿವಮೊಗ್ಗ:

ಇರಬಹುದು ತಮ್ಮಾ. ಆ ಆರು ವಾರ ಭಾರ ಎತ್ತುವುದನ್ನು ಕಡಿಮೆ ಮಾಡಿದ್ದೆಯಾ ನೆನಪು ಮಾಡಿಕೋ. ಒಬ್ಬ ತಗೊಂಡು ಒಬ್ಬ ತಗೊಳ್ಳದೆ ಹೋಲಿಸಿ ನೋಡಿದರೆ ಮಾತ್ರ ಗೊತ್ತಾಗುವುದು. ನೀನು ಚೆನ್ನಾಗಿದ್ದೀಯಲ್ಲ, ಅಷ್ಟು ಸಾಕು. ಮತ್ತೆ ಬೇಡ.

ಹಳೇ ಮೈಸೂರು, ಈಗ ನ್ಯೂಜೆರ್ಸಿ:

ಇಲ್ಲಿಯ ಪರಿಸ್ಥಿತಿ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ 'ಅಮೆರಿಕದಲ್ಲಿ ಎಲ್ಲರೂ ತಗೊಳ್ತಾರೆ' ಅನ್ನುವ ಮಾತು ಊರಿನಲ್ಲಿ ತುಂಬಾ ಕೇಳುತ್ತದೆ.

ಎಫ್‌ಡಿಎ 2023ರಲ್ಲಿ ಬಿಪಿಸಿ-157 ಅನ್ನು ಸುರಕ್ಷತೆಯ ಬಗ್ಗೆ ಗಂಭೀರ ಅನುಮಾನ ಇರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಕ್ರೀಡಾಪಟುಗಳಿಗೆ ವಾಡಾ (ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ಸಂಸ್ಥೆ) ಅದನ್ನು 2022ರಿಂದ ನಿಷೇಧಿಸಿದೆ. ಸಿಜೆಸಿ, ಇಪಮೊರೆಲಿನ್ ಕೂಡ ಅವರ ನಿಷೇಧದ ಪಟ್ಟಿಯಲ್ಲಿವೆ. ನಿಮ್ಮ ಮನೆಯಲ್ಲಿ ಯಾರಾದರೂ ಸ್ಪರ್ಧೆಗೆ ಈಜುವ, ಓಡುವ ಮಕ್ಕಳಿದ್ದರೆ ಇದು ಗೊತ್ತಿರಲಿ. 2025ರ ಜುಲೈನಲ್ಲಿ ಲಾಸ್ ವೇಗಾಸ್‌ನಲ್ಲಿ ದೀರ್ಘಾಯುಷ್ಯದ ಬಗ್ಗೆಯೇ ನಡೆದ ಸಮಾವೇಶದಲ್ಲಿ ಪೆಪ್ಟೈಡ್ ಇಂಜೆಕ್ಷನ್ ಹಾಕಿಸಿಕೊಂಡ ಇಬ್ಬರು ಹೆಂಗಸರು ವೆಂಟಿಲೇಟರ್‌ವರೆಗೆ ಹೋದರು.

ಇನ್ನೊಂದು, ಟೆಸ್ಟ್ ಜಾಸ್ತಿ ಆದಷ್ಟೂ ಒಳ್ಳೆಯದು ಅಂತ ನಾನೂ ನಂಬಿದ್ದೆ. ಎರಡು ವರ್ಷದ ಹಿಂದೆ ಯಾವ ತೊಂದರೆಯೂ ಇಲ್ಲದೆ ಪೂರ್ತಿ ಮೈ ಎಂಆರ್‌ಐ ಮಾಡಿಸಿದೆ. ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿಯಲ್ಲಿ ಒಂದು ಸಣ್ಣ ಗಂಟು ಕಾಣಿಸಿತು. ಅಲ್ಲಿಂದ ಏಳು ತಿಂಗಳು ಸಿಟಿ ಸ್ಕ್ಯಾನ್, 24 ಗಂಟೆಯ ಮೂತ್ರ ಪರೀಕ್ಷೆ, ಹಾರ್ಮೋನ್ ಡಾಕ್ಟರ್. ಹೆಂಡತಿ ರಾತ್ರಿ ಎದ್ದು ದೇವರ ಮನೆಯಲ್ಲಿ ಕೂರುತ್ತಿದ್ದಳು. ಕೊನೆಗೆ ಏನೂ ಇಲ್ಲ, ಎಷ್ಟೋ ಜನರಿಗೆ ಇರುವಂಥದ್ದೇ ಅಂದರು. ಇಲ್ಲಿನ ರೇಡಿಯಾಲಜಿ ವೈದ್ಯರ ಸಂಘವೇ 2023ರಲ್ಲಿ, ಲಕ್ಷಣ ಇಲ್ಲದವರಿಗೆ ಪೂರ್ತಿ ಮೈ ಸ್ಕ್ಯಾನ್ ಶಿಫಾರಸು ಮಾಡಲು ಸಾಕಷ್ಟು ಆಧಾರ ಇಲ್ಲ ಅಂತ ಹೇಳಿದ್ದು ನನಗೆ ಆಮೇಲೆ ತಿಳಿಯಿತು.

ಫಿಸಿಷಿಯನ್, ಹುಬ್ಬಳ್ಳಿ:

ಲ್ಯಾಬ್ ಮೇಡಂ ಬರೆದದ್ದನ್ನು ನನ್ನ ಜೂನಿಯರ್‌ಗಳಿಗೂ ತೋರಿಸುತ್ತೇನೆ. ನಾನು ಎರಡು ಮೂರು ವಿಷಯ ಸೇರಿಸುತ್ತೇನೆ. ನೇರವಾಗಿ ಪರೀಕ್ಷೆ ಮಾಡದೆ ಔಷಧಿ ಹೇಳುವುದಿಲ್ಲ, ದಿಕ್ಕು ಮಾತ್ರ.

ನಿಮ್ಮ ಪಟ್ಟಿಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ನಂಬರ್ ಎಲ್‌ಪಿ(ಎ), ರಕ್ತದಲ್ಲಿ ಕೊಲೆಸ್ಟರಾಲ್ ಹೊರುವ ಒಂದು ಬಗೆಯ ಕಣ. 50 ಮಿಲಿಗ್ರಾಂ ಮೇಲಿದ್ದರೆ ಹೃದಯಾಘಾತದ ಅಪಾಯ ಹೆಚ್ಚು. ಇದು ಹುಟ್ಟಿನಿಂದ ಬರುವುದು, ಊಟ ವ್ಯಾಯಾಮಕ್ಕೆ ಬಗ್ಗುವುದಿಲ್ಲ, ಜೀವನದಲ್ಲಿ ಒಮ್ಮೆ ಅಳೆದರೆ ಬಹುಪಾಲು ಸಾಕು. ನಿಮ್ಮ ತಂದೆ 57ಕ್ಕೆ ಹೋದರು ಅಂದಿರಿ. ಅವರಿಂದಲೇ ಇದು ಬಂದಿರಬಹುದು. ಅವರ ಕಾಲದಲ್ಲಿ ಇದನ್ನು ಅಳೆಯುವವರು ಅಪರೂಪ. ನಿಮ್ಮಲ್ಲಿ ಅಳೆದಾಗಿದೆ. ಎಲ್‌ಪಿ(ಎ)ಯನ್ನೇ ಇಳಿಸಲು ಸುಲಭದ ದಾರಿ ಸದ್ಯಕ್ಕಿಲ್ಲ, ಆದರೆ ಉಳಿದ ಎಲ್ಲ ಅಪಾಯವನ್ನೂ ಗಟ್ಟಿಯಾಗಿ ಇಳಿಸಬಹುದು: ಎಲ್‌ಡಿಎಲ್, ಬಿಪಿ, ಸಕ್ಕರೆ, ಸೊಂಟ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬಗ್ಗೆ ನಿಮ್ಮ ಡಾಕ್ಟರ್ ಜೊತೆ ಮಾತನಾಡಿ. ಹೃದಯದ ಕ್ಯಾಲ್ಸಿಯಂ ಸ್ಕೋರ್ (ಹೃದಯದ ರಕ್ತನಾಳದಲ್ಲಿ ಕಟ್ಟಿಕೊಂಡ ಕ್ಯಾಲ್ಸಿಯಂ ನೋಡುವ ಸ್ಕ್ಯಾನ್) ಬೇಕಾ ಅಂತ ಕೇಳಿ. ನಿಮ್ಮ ವಯಸ್ಸಿನಲ್ಲಿ ಅದು ಸೊನ್ನೆ ಅಲ್ಲದಿದ್ದರೆ ತೀರ್ಮಾನ ಬದಲಾಗುತ್ತದೆ, ಹಾಗಾಗಿ ಆ ಟೆಸ್ಟ್‌ಗೆ ಅರ್ಥ ಇದೆ.

ಐಜಿಎಫ್-1 ಕಡಿಮೆ ಅಂದರೆ ಮುಪ್ಪು ಅನ್ನುವ ಮಾತನ್ನು ಹಾಗೇ ಒಪ್ಪಬೇಡಿ. ಈಕ್ವೆಡಾರ್ ದೇಶದಲ್ಲಿ ಲಾರಾನ್ ಸಿಂಡ್ರೋಮ್ ಅನ್ನುವ ವಂಶದ ಕಾಯಿಲೆ ಇರುವ ಕುಟುಂಬಗಳಿವೆ. ಹುಟ್ಟಿನಿಂದಲೇ ಅವರ ಐಜಿಎಫ್-1 ತೀರಾ ಕಡಿಮೆ. 2011ರಲ್ಲಿ ಅವರ ಬಗ್ಗೆ ಪ್ರಕಟವಾದ ಅಧ್ಯಯನದಲ್ಲಿ ಕ್ಯಾನ್ಸರ್ ಮತ್ತು ಸಕ್ಕರೆ ಕಾಯಿಲೆ ತೀರಾ ಅಪರೂಪ ಅಂತ ಕಂಡುಬಂತು. ಏರಿಸಿದರೆ ಆಯಸ್ಸು ಏರುತ್ತದೆ ಅನ್ನುವುದಕ್ಕೆ ಇದು ಉಲ್ಟಾ ಇದೆ.

ಪೆಪ್ಟೈಡ್ ಅಂದರೆ ಕೆಟ್ಟದ್ದು ಅಂತ ಯಾರೂ ತಿಳಿಯಬಾರದು. ಇನ್ಸುಲಿನ್ ಕೂಡ 51 ಅಮೈನೋ ಆಮ್ಲದ ಪೆಪ್ಟೈಡ್. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಒಬ್ಬ ಹುಡುಗನಿಗೆ ಮೊದಲ ಸಲ ಕೊಟ್ಟರು, ಆಮೇಲೆ ಎಷ್ಟು ಜೀವ ಉಳಿಯಿತು ಲೆಕ್ಕವೇ ಇಲ್ಲ. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಕೂಡ ಇದೇ ಜಾತಿ. ಸೆಮಾಗ್ಲುಟೈಡ್ ಬಗ್ಗೆ 17,604 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಹೃದಯ ಕಾಯಿಲೆ ಇದ್ದ, ತೂಕ ಜಾಸ್ತಿ ಇದ್ದ, ಸಕ್ಕರೆ ಕಾಯಿಲೆ ಇಲ್ಲದ ಜನ. ಹೃದಯಾಘಾತ, ಪಾರ್ಶ್ವವಾಯು, ಹೃದಯದ ಸಾವು ಮೂರೂ ಸೇರಿ 20% ಕಡಿಮೆ ಆಯಿತು. ಅಂಥ ಔಷಧಿ ಕೊಡುವ ಮುಂಚೆಯೂ ಕೇಳುತ್ತೇವೆ: ಮನೆಯಲ್ಲಿ ಯಾರಿಗಾದರೂ ಮೆಡುಲರಿ ಥೈರಾಯ್ಡ್ ಕ್ಯಾನ್ಸರ್ ಇತ್ತಾ, ಮೇದೋಜೀರಕ ಗ್ರಂಥಿ ಊದಿತ್ತಾ, ಪಿತ್ತಕೋಶದಲ್ಲಿ ಕಲ್ಲಿದೆಯಾ? ಸಕ್ಕರೆ ಕಾಯಿಲೆ ಇದ್ದವರಿಗೆ ಕಣ್ಣಿನ ಪರದೆ ನೋಡುತ್ತೇವೆ. ನಿಮಗೆ ಸದ್ಯಕ್ಕೆ ಅದೂ ಬೇಡ ಅನ್ನಿಸುತ್ತದೆ. ಮೊದಲು ನಡಿಗೆ, ಪ್ರೋಟೀನ್, ನಿದ್ದೆ.

ರಾತ್ರಿ ಗೊರಕೆ ಹೊಡೆಯುತ್ತೀರಾ ಅಂತ ಮನೆಯವರನ್ನು ಕೇಳಿ. ಹೌದಾದರೆ ನಿದ್ದೆಯ ಪರೀಕ್ಷೆ ಬೇಕು.

ತಿಪಟೂರಿನವ (ಐದು ವಾರದ ನಂತರ):

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗುತ್ತಿಲ್ಲ. ಸೋಮವಾರ ಹೋಗಲಿಲ್ಲ. ಅಡ್ವಾನ್ಸ್ ವಾಪಸ್ ಬರಲಿಲ್ಲ, ಹೋಗಲಿ.

ಬಯೋಟಿನ್ ನಿಲ್ಲಿಸಿ ಹತ್ತು ದಿನ ಬಿಟ್ಟು ಅದೇ ಲ್ಯಾಬ್‌ನಲ್ಲಿ ಬೆಳಗ್ಗೆ ಎಂಟಕ್ಕೆ ಕೊಟ್ಟೆ. ಟಿಎಸ್‌ಎಚ್ 2.3, ಟಿ4 ಮಿತಿಯೊಳಗೆ. ಐಜಿಎಫ್-1 151. ಟೆಸ್ಟೋಸ್ಟೆರಾನ್ 452. ಸಿಆರ್‌ಪಿ 1.8. ಬಿ12 ಮಾತ್ರ 155, ಇನ್ನೂ ಕಡಿಮೆ. ನಾಲ್ಕು ಕೆಂಪು ಅಕ್ಷರ ಹೋಯಿತು. ಆ ರಿಪೋರ್ಟ್ ಹಿಡಿದುಕೊಂಡು ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ಮನೆ ಹತ್ತಿರದ ಫಿಸಿಷಿಯನ್ ಹತ್ತಿರ ಹೋದೆ. ಬಿ12 ಇಂಜೆಕ್ಷನ್ ಕೊಟ್ಟರು. ಪಾದದ ಜುಮುಜುಮು ಅರ್ಧಕ್ಕರ್ಧ ಕಡಿಮೆ ಆಗಿದೆ. ಕ್ಯಾಲ್ಸಿಯಂ ಸ್ಕೋರ್ 34 ಬಂತು. ಹೆದರಿದೆ. ಅವರು ಹೆದರಬೇಡಿ, ಸರಿಯಾದ ಸಮಯಕ್ಕೆ ಗೊತ್ತಾಯಿತು ಅಂದರು. ಸ್ಟ್ಯಾಟಿನ್ ಶುರು ಆಗಿದೆ. ಭುಜಕ್ಕೆ ಫಿಸಿಯೋಥೆರಪಿ, ಕೈ ಈಗ ತಲೆ ಮೇಲಿನ ಶೆಲ್ಫ್‌ವರೆಗೆ ಹೋಗುತ್ತದೆ. ಗೊರಕೆಯ ಬಗ್ಗೆ ಹೆಂಡತಿಯನ್ನು ಕೇಳಿದೆ. ಎಷ್ಟೋ ವರ್ಷದಿಂದ ಹೇಳುತ್ತಿದ್ದೇನೆ ಅಂದಳು. ಮುಂದಿನ ವಾರ ನಿದ್ದೆಯ ಪರೀಕ್ಷೆ ಇದೆ.

ತಿಪಟೂರಿನಲ್ಲಿ ತಂಗಿ ಇದ್ದಾಳೆ, 41 ವರ್ಷ. ಅವಳಿಗೂ ಎಲ್‌ಪಿ(ಎ) ಮಾಡಿಸಬೇಕು ಅಂತ ಡಾಕ್ಟರ್ ಹೇಳಿದರು. ಭಾನುವಾರ ಬರುತ್ತಾಳೆ. ಅಕ್ಕ, ಅವಳು ರಾತ್ರಿಯಿಂದ ಉಪವಾಸ ಇರಬೇಕಾ?

ಲ್ಯಾಬ್ ಅಕ್ಕ, ಶಿವಮೊಗ್ಗ:

ತುಂಬಾ ಸಂತೋಷ ಆಯಿತು. ಅವ್ವನಿಗೂ ಓದಿ ಹೇಳಿದೆ.

ಎಲ್‌ಪಿ(ಎ)ಗೆ ಉಪವಾಸ ಬೇಡ. ತಿಪಟೂರಿನಿಂದ ಬರುವವಳು, ತಿಂಡಿ ತಿಂದುಕೊಂಡೇ ಬರಲಿ. ಜೊತೆಗೆ ಸಕ್ಕರೆಯನ್ನೂ ನೋಡುವುದಾದರೆ ಮಾತ್ರ ಖಾಲಿ ಹೊಟ್ಟೆ. ಥೈರಾಯ್ಡ್ ಕೂಡ ಮಾಡಿಸುತ್ತೀರಾದರೆ ಇವತ್ತೇ ಫೋನ್ ಮಾಡಿ, ಕೂದಲಿಗೆ ಏನಾದರೂ ಮಾತ್ರೆ ತಗೊಳ್ತಿದ್ದಾಳಾ ಕೇಳಿ.